ಗೊಬ್ಬರ ಗಾಳಿಸಿದ ಸಾಹೇಬರು

ಅಕ್ಕಿ ಗಾಳಿಸುವಾಗ ನನಗೆ ನೆನಪಾಗುವವರು ತಾಯಿಯಲ್ಲ, ಅತ್ತೆಯೂ ಅಲ್ಲ, ಒಬ್ಬ ಸರಕಾರಿ ಅಧಿಕಾರಿ. ಹೇಳಿದರೆ ಜನ ನಗುತ್ತಾರೆ. ನಗಲಿ. ಪರಾತವನ್ನು ಓರೆ ಹಿಡಿದು, ನೀರನ್ನು ಮೆಲ್ಲಗೆ ತಿರುವಿ ಚೆಲ್ಲುತ್ತ, ಕೊನೆಗೆ ತಳದಲ್ಲಿ ಉಳಿಯುವ ಹರಳಿಗಾಗಿ ಕಾಯುವ ಆ ಕೆಲಸವನ್ನು ಅವರಷ್ಟು ನಿಷ್ಠೆಯಿಂದ ಮಾಡಿದ ಹೆಂಗಸನ್ನು ನಾನು ಕಂಡಿಲ್ಲ. ಅವರು ಗಾಳಿಸುತ್ತಿದ್ದದ್ದು ಮಾತ್ರ ಗೊಬ್ಬರವನ್ನು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಅತ್ತುಬಿಟ್ಟೆ, ಆಮೇಲೆ ಅಳುತ್ತಲೇ ನಕ್ಕೆ. ಅವರ ವಿಷಯದಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಆಗ ರೋಣದ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು, ಅಂದರೆ ಶಿಕ್ಷಕಿ. ನಮ್ಮ ಪಕ್ಕದ ಬಾಡಿಗೆ ಮನೆಗೆ ಬೇಸಾಯ ಇಲಾಖೆಯವರೊಬ್ಬರು ಬಂದರು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಕಡೆ ಸೈಕಲ್ಲಿನ ಮೇಲೆ ಇಲ್ಲವೇ ಬಸ್ಸಿನ ಟಪ್ಪಿನ ಮೇಲೆ ಸೈಕಲ್ ಹೇರಿಕೊಂಡು ತಿರುಗುವುದು ಅವರ ಕೆಲಸ. ಹೊಸ ಗೊಬ್ಬರಗಳನ್ನು ರೈತರಿಗೆ ಪರಿಚಯಿಸುವವರೂ ಅವರೇ, ಅವನ್ನು ಮಾರುವ ಅಂಗಡಿಗಳನ್ನು ತಪಾಸಣೆ ಮಾಡುವವರೂ ಅವರೇ. ಊರವರು 'ಗೊಬ್ಬರದ ಸಾಹೇಬರು' ಎಂದು ಕರೆದರು. ಅವರಿಗೆ ಅದು ಪದವಿಯಂತೆ ಹಿಡಿಸಿತು. ತಮ್ಮ ನಿಜವಾದ ಹುದ್ದೆಯ ಹೆಸರನ್ನು ಅವರೇ ಮರೆತಿದ್ದರು ಎಂದು ನನ್ನ ಗುಮಾನಿ.

ಅವರಿಗಿಂತ ಮೊದಲು ಅವರ ದನಿ ಬರುತ್ತಿತ್ತು. ಓಣಿಯ ಆ ತುದಿಯಲ್ಲಿ ಸೈಕಲ್ ಇಳಿದು ಯಾರಿಗೋ 'ತಿಪ್ಪಿ ಮುಚ್ಚಿಡ್ರಿ, ಬಿಸಲಿಗೆ ಸತ್ವ ಹಾರಿ ಹೋಕ್ಕೈತಿ' ಎಂದು ಕೂಗಿದರೆ, ಈ ತುದಿಯಲ್ಲಿ ಅವರ ಹೆಂಡತಿ ಒಲೆಯ ಮೇಲೆ ಹಂಚು ಇಡುತ್ತಿದ್ದರು. ನಾನು ಆಕೆಯನ್ನು ವೈನಿ ಎನ್ನುತ್ತಿದ್ದೆ. ವೈನಿಗೆ ಗಂಡನ ಮೇಲೆ ಇದ್ದ ತಕರಾರು ಒಂದೇ, ಪರಾತದ್ದು. ತವರಿನಿಂದ ತಂದ ದೊಡ್ಡ ಹಿತ್ತಾಳೆಯ ಪರಾತವನ್ನು ಇವರು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿಬಿಟ್ಟಿದ್ದರು.

'ನೋಡ್ರಿ ಅಕ್ಕೋರ, ಹೋಳಿಗಿ ಹಿಟ್ಟ ನಾದೂ ಪರಾತದಾಗ ಇವ್ರು ಗೊಬ್ಬರ ನಾದ್ತಾರ,' ಎಂದು ವೈನಿ ಕಟ್ಟೆಯ ಮೇಲಿಂದ ದೂರುತ್ತಿದ್ದರು.

'ನಾದೂದಿಲ್ಲ, ಗಾಳಸ್ತೀನಿ,' ಒಳಗಿನಿಂದ ಉತ್ತರ ಬರುತ್ತಿತ್ತು. 'ನೀ ಅಕ್ಕ್ಯಾಗ ಹರಳ ಹುಡಕತಿ. ನಾ ಗೊಬ್ಬರದಾಗ ಹುಡಕತೀನಿ. ಇಬ್ಬರದೂ ಒಂದ ಧಂಧೆ.'

ವೈನಿ ಕೊನೆಗೆ ಹಟ ಬಿಟ್ಟು ಅಡುಗೆಗೆ ಬೇರೆ ಪರಾತ ಕೊಂಡರು.

ಅವರ ಈ ಗಾಳಿಸುವ ಪದ್ಧತಿ ಯಾವ ಇಲಾಖೆಯ ಕಲಿಕೆಯೂ ಅಲ್ಲ. ಕಾಲೇಜು ಕಲಿತು ಬಂದವರು, ಇಂಗ್ಲಿಷಿನಲ್ಲಿ ಜಗಳವಾಡಬಲ್ಲವರು, ಆದರೆ ಅಂಗಡಿಯ ಚೀಲ ಬಿಚ್ಚಿಸಿದ ಕೂಡಲೇ ಕಾಲು ಮಡಚಿ ನೆಲಕ್ಕೆ ಕೂತು, ಒಂದು ಬೊಗಸೆ ಗೊಬ್ಬರವನ್ನು ನೀರಿನಲ್ಲಿ ಕದಡಿ ತಿರುವತೊಡಗುವರು. ಹಗುರಾದದ್ದು ನೀರಿನ ಜೊತೆ ಹೊರಗೆ ಹೋಗಬೇಕು, ಉಳಿದದ್ದು ತಾನು ಯಾರೆಂದು ಹೇಳಬೇಕು. ಮರಳೋ, ಇಟ್ಟಂಗಿ ಪುಡಿಯೋ, ಸುಣ್ಣದ ಕಲ್ಲೋ. ಅದಕ್ಕೂ ಮೊದಲು ಒಂದು ಚಿಟಿಕೆ ನಾಲಗೆಗೆ ಹಚ್ಚಿ ನೋಡುವುದು ಇನ್ನೊಂದು ಚಾಳಿ. ಅಂಗಡಿಕಾರರು ನಗುತ್ತಿದ್ದರು, ಹೆದರುತ್ತಲೂ ಇದ್ದರು. ಈ ಮನುಷ್ಯನಿಗೆ ಅನುಮಾನವೆಲ್ಲ ಗೊಬ್ಬರದ ಮೇಲೆ ಮಾತ್ರ ಇತ್ತು, ತನ್ನ ಮೇಲೆ ಎಂದೂ ಇರಲಿಲ್ಲ.

ನರಗುಂದದಲ್ಲಿ ಒಮ್ಮೆ ರೈತರ ಸಭೆ. ನಾನು ಮಕ್ಕಳಿಂದ ಸ್ವಾಗತದ ಹಾಡು ಹಾಡಿಸಲು ಹೋಗಿದ್ದೆ. ಮುದುಕರೊಬ್ಬರು ಎದ್ದು ನಿಂತು, 'ಸಾಹೇಬ್ರ, ಈ ಸರಕಾರಿ ಗೊಬ್ಬರದ ಉಪ್ಪ ಹಾಕಿದ್ರ ಹೊಲಾ ಬಂಜಿ ಆಕ್ಕೈತಿ ಅಂತಾರಲ್ರಿ, ಖರೇ ಏನ್ರಿ?' ಎಂದರು.

'ಯಜಮಾನ್ರ, ನೀವು ಸಾರಿಗೆ ಉಪ್ಪ ಹಾಕ್ತೀರೋ, ಉಪ್ಪಿಗೆ ಸಾರ ಹಾಕ್ತೀರೋ?'

ಸಭೆ ಹೋ ಎಂದು ನಕ್ಕಿತು. ಅವರು ಕೈಯೆತ್ತಿ ನಗುವನ್ನು ತಡೆದು ಮುಂದುವರಿಸಿದರು. 'ನಗಬ್ಯಾಡ್ರಿ. ಯಜಮಾನ್ರು ಕೇಳಿದ್ದು ಚಲೋ ಐತಿ. ಬೇಕಾದ್ದು ಎಷ್ಟೈತಿ ಅಂತ ಎಲ್ಲಾರೂ ಕೇಳ್ತಾರ. ಬ್ಯಾಡಾದ್ದು ಎಷ್ಟೈತಿ ಅಂತ ಕೇಳಾವ ಯಾರು?' ಈ ಮಾತನ್ನು ಅವರು ಎಷ್ಟು ಕಡೆ ಹೇಳಿದರೆಂದರೆ, ನಮ್ಮ ಓಣಿಯಲ್ಲಿ ಸಂತೆಯಿಂದ ಬದನೆಕಾಯಿ ತಂದರೂ ಹೆಂಗಸರು 'ಬ್ಯಾಡಾದ್ದು ಎಷ್ಟೈತಿ ನೋಡೋಣು' ಎಂದು ಹುಳುಕು ಆರಿಸುತ್ತಿದ್ದರು.

ನನ್ನನ್ನೂ ಬಿಡಲಿಲ್ಲ. ಒಂದು ದಿನ ತರಗತಿಯಲ್ಲಿ, ಭೂಮಿತಾಯಿ ಏನು ಕೊಟ್ಟರೂ ನುಂಗಿ ಕರಗಿಸಿಕೊಂಡು ನಮಗೆ ಅನ್ನ ಮಾಡಿ ಕೊಡುತ್ತಾಳೆ ಎಂದು ನಾನು ಭಕ್ತಿಯಿಂದ ಪಾಠ ಹೇಳುತ್ತಿದ್ದೆ. ಕಿಟಕಿಯಲ್ಲಿ ಅವರ ಟೊಪ್ಪಿಗೆ ಕಾಣಿಸಿತು.

'ಅಕ್ಕೋರ, ಹುಡುಗ್ಯಾರಿಗೆ ಸುಳ್ಳ ಕಲಸಬ್ಯಾಡ್ರಿ.'

'ಏನ್ ಸುಳ್ಳ ಹೇಳಿದ್ನಿರಿ?'

'ರಂಟಿ ಹೊಡಿಯೂ ಮುಂದ ಹೊಲದಾಗ ಮುತ್ಯಾನ ಕಾಲದ ತಾಮ್ರದ ದುಡ್ಡ ಸಿಗತಾವೋ ಇಲ್ಲೋ? ಯಾಕ ಸಿಗತಾವ? ಭೂಮಿ ನುಂಗಿಲ್ಲ, ಅದಕ್ಕ. ಸಗಣಿ ಕೊಳಿತೈತಿ, ಕಸ ಕೊಳಿತೈತಿ. ಲೋಹ ಕೊಳಿಯೂದಿಲ್ಲರಿ.' ಇಷ್ಟು ಹೇಳಿ ಟೊಪ್ಪಿಗೆ ಮಾಯವಾಯಿತು. ನನಗೆ ಭಾಳ ಸಿಟ್ಟು ಬಂತು. ಆದರೆ ಮರುದಿನದಿಂದ ಪಾಠವನ್ನು ತಿದ್ದಿಯೇ ಹೇಳಿದೆ.

ಇನ್ನು ನನ್ನ ಅಣ್ಣನ ಹೊಲದ ಕತೆ. ನನ್ನ ತವರು ಜಕ್ಕಲಿ. ಅಣ್ಣ ಶಂಕ್ರಪ್ಪ ಎರೆಹೊಲದ ಒಕ್ಕಲಿಗ, ಹೊಸದೆಂದರೆ ಮುಖ ಸಿಂಡರಿಸುವವನು. ಅಂಥವನನ್ನು ಸಾಹೇಬರು ವರ್ಷವಿಡೀ ಕೊರೆದು, ಹಿಂಗಾರಿ ಬಿತ್ತಿಗೆಗೆ ಸೂಪರ್ ಗೊಬ್ಬರ, ಅಂದರೆ ರಂಜಕದ ಸೂಪರ್ ಫಾಸ್ಫೇಟ್, ಹಾಕಲು ಒಪ್ಪಿಸಿದರು. ಅಣ್ಣ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಿಂದ ಚೀಲ ತಂದ, ಒಡ್ಡಿನ ಕೆಳಗಿನ ಪಟ್ಟಿಗೆ ಹಾಕಿ ಕಡಲೆ ಬಿತ್ತಿದ. ಬಿತ್ತಿಗೆ ಮುಗಿದ ಮೇಲೆ ಸಾಹೇಬರು ತಮ್ಮ ಗೆಲುವನ್ನು ನೋಡಲು ಜಕ್ಕಲಿಗೆ ಬಂದರು. ರಜೆಯೆಂದು ನಾನೂ ಅಲ್ಲಿದ್ದೆ. ಉಳಿದ ಅರ್ಧ ಚೀಲ ಕೊಟ್ಟಿಗೆಯಲ್ಲಿತ್ತು. ಪರಾತ ಬಿಚ್ಚಿದರು, ನೀರು ತರಿಸಿದರು, ತಿರುವಿದರು.

ತಳದಲ್ಲಿ ಬೂದು ಕೆಸರೊಂದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅದರ ನಡುವೆ ಕೆಲವು ಸಾಸಿವೆಯಷ್ಟು ಸಣ್ಣ, ಕೆಲವು ಕಡಲೆಯಷ್ಟು ದಪ್ಪ ಕಾಳುಗಳು. ಅವರು ಒಂದನ್ನು ಎತ್ತಿ ಉಗುರಿನಿಂದ ಒತ್ತಿದರು. ಉಗುರಿನ ಗುರುತು ಮೂಡಿತು. ಎಲೆ ಅಡಿಕೆ ಸುತ್ತಿ ತಂದಿದ್ದ ಕಾಗದದ ಮೇಲೆ ಅದನ್ನು ಎಳೆದರು. ಪೆನ್ಸಿಲಿನಿಂದ ಗೀಚಿದಂತೆ ಗೆರೆ ಬಂತು.

'ಸೀಸ,' ಎಂದರು. ಅವರು ಒಂದೇ ಮಾತಿನಲ್ಲಿ ನಿಲ್ಲಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿ ಬಂದರು. ನಾಲಗೆಗೆ ಹಚ್ಚಿ ನೋಡುವ ಚಾಳಿ ಅಂದಿಗೆ ಮುಗಿಯಿತು.

ಅಣ್ಣನಿಗೆ ಅವರು ತಿಳಿಸಿ ಹೇಳಿದ್ದು ಇಷ್ಟು. ಸೀಸ ವಿಷ, ಮೆಲ್ಲಗೆ ಕೊಲ್ಲುವ ವಿಷ, ದೊಡ್ಡವರಿಗಿಂತ ಕೂಸುಗಳಿಗೆ ಜಾಸ್ತಿ. ಒಮ್ಮೆ ಮಣ್ಣಿಗೆ ಬಿದ್ದರೆ ಮತ್ತೆ ಆರಿಸಲು ಬರುವುದಿಲ್ಲ. ಅಣ್ಣ ಕೇಳಿದ, 'ಕಡ್ಲಿ ಸೊಪ್ಪಿಗೆ ಎಷ್ಟ ಏರತೈತ್ರಿ?'

'ಎಷ್ಟ ಏರತೈತಿ ಅಂತ ನನಗ ಗೊತ್ತಿಲ್ಲ ಶಂಕ್ರಪ್ಪ. ಏರೂದಿಲ್ಲ ಅಂತ ಹೇಳೂ ಧೈರ್ಯ ನನಗಿಲ್ಲ. ಈ ಪಟ್ಟಿದು ಒಂದ ಎಲಿನೂ ಬಾಯಿಗೆ ಹೋಗಬಾರದು. ನನ್ನ ಮಾತ ಕೇಳಿ ಹಾಕೀಯಲ್ಲ, ಇದು ನನ್ನ ತಲಿ ಮ್ಯಾಲಿಂದು.'

ಮರುದಿನವೇ ಗಜೇಂದ್ರಗಡಕ್ಕೆ ಹೋದರು. ಅಂಗಡಿಯಲ್ಲಿ ಅದೇ ಸರಕಿನ ಚೀಲಗಳು ಗೋಡೆಯುದ್ದಕ್ಕೂ ಒಟ್ಟಿದ್ದವು, ಬರುವ ಮುಂಗಾರಿ ಬಿತ್ತಿಗೆಗೆ. ಅವು ಹೊರಬಿದ್ದರೆ ಎಷ್ಟು ಊರಿನ ಹೊಲಗಳಿಗೆ ಹೋಗುತ್ತಿದ್ದವೋ. ಅಂಗಡಿಯ ಯಜಮಾನರು ವಯಸ್ಸಾದವರು, ಹಣೆತುಂಬ ವಿಭೂತಿ, ಸೌಮ್ಯ ಮಾತು. 'ಇದರಾಗ ಏನ ಬೆರಸೀರಿ?' ಎಂದು ಕೇಳಿದರೆ, 'ಏನೂ ಬೆರಸಿಲ್ಲರಿ, ದೇವರಾಣಿ' ಎಂದರು. ಸಾಹೇಬರು ಕಿಸೆಯಲ್ಲಿದ್ದ ಸೀಸದ ಕಾಳನ್ನು ಹೊರಗೆ ತೆಗೆಯಲಿಲ್ಲ. ಕಳ್ಳನಿಗೆ ಪುರಾವೆ ಮೊದಲೇ ತೋರಿಸಬಾರದೆಂಬುದು ಅವರ ಲೆಕ್ಕ. ಕಾನೂನಿನಂತೆ ನಮೂನೆ ತೆಗೆದು, ಅರಗಿನ ಮುದ್ರೆ ಒತ್ತಿ, ಮೇಲಿನವರಿಗೆ ಕಳಿಸಿದರು.

ಗೊಬ್ಬರದ ಕಾನೂನು ಆಗತಾನೇ ಬಂದಿತ್ತು. ಸಾಹೇಬರಿಗೆ ಅದರ ಮೇಲೆ ಹೊಸ ಅಳಿಯನ ಮೇಲಿರುವಷ್ಟು ಅಭಿಮಾನ. ಮೇಲಿನಿಂದ ಉತ್ತರ ಬಂತು. ರಂಜಕ ಇರಬೇಕಾದಷ್ಟು ಇದೆ, ಸರಕು ಸರಿಯಾಗಿದೆ. ಸೀಸದ ಸುದ್ದಿಯೇ ಇಲ್ಲ. ಯಾಕೆಂದರೆ ಆ ಕಾನೂನು ಸೀಸ ಎಷ್ಟಿದೆ ಎಂದು ಕೇಳಿರಲಿಲ್ಲ, ಕೇಳದ್ದಕ್ಕೆ ಉತ್ತರ ಕೊಡುವ ರೂಢಿ ಕಚೇರಿಗಳಿಗೆ ಇಲ್ಲ. ಸಾಹೇಬರು ಮತ್ತೆ ಅಂಗಡಿಗೆ ಹೋಗಿ ಚೀಲ ಮಾರಬೇಡಿರೆಂದರೆ, ಯಜಮಾನರು ಆ ಉತ್ತರದ ಪ್ರತಿಯನ್ನೇ ತೋರಿಸಿ, 'ಸರಕಾರ ಚಲೋ ಐತಿ ಅಂದೈತಿ. ನೀವು ಸರಕಾರಕ್ಕಿಂತ ದೊಡ್ಡವ್ರೇನ್ರಿ?' ಎಂದರಂತೆ.

ಅಂದು ಸಂಜೆ ಅವರು ನಮ್ಮ ಕಟ್ಟೆಯ ಮೇಲೆ ಕೂತು ಅಬ್ಬರಿಸಿದ್ದು ಮೂರು ಓಣಿಗೆ ಕೇಳಿಸಿತು. ವೈನಿ ಚಹಾ ತಂದು ಕೈಗಿಟ್ಟರೂ ಕುಡಿಯಲಿಲ್ಲ. 'ಅಕ್ಕೋರ, ಕಾನೂನಿಗೆ ಕಣ್ಣ ಒಂದ ಕಡೆ ಅದಾವ. ಬೇಕಾದ್ದನ್ನ ನೋಡತೈತಿ, ಬ್ಯಾಡಾದ್ದನ್ನ ನೋಡೂದಿಲ್ಲ. ಇರ್ಲಿ. ಕಾನೂನಿನ ಕೈಯಾಗ ಸಿಗದವ ಎಲ್ಲಮಾಸಿ ಕೈಯಾಗ ಸಿಗತಾನ.'

ನಮ್ಮ ಕಡೆ ಎಲ್ಲಮಾಸಿಗೆ, ಅಂದರೆ ಎಳ್ಳಮಾವಾಸ್ಯೆಗೆ, ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಮೊದಲು ಭೂಮಿಗೆ ಉಣಿಸಿ, ಆಮೇಲೆ ಅಲ್ಲೇ ಸಾಲಾಗಿ ಕೂತು ಉಣ್ಣುವುದು. ಅಂದು ಹೊಲಕ್ಕೆ ಕರೆದರೆ ಯಾರೂ ಒಲ್ಲೆ ಅನ್ನುವುದಿಲ್ಲ, ಹೊಲದವರು ಕೊಟ್ಟದ್ದನ್ನು ತಿನ್ನದೆ ಏಳುವುದೂ ಇಲ್ಲ. ಸಾಹೇಬರ ಉಪಾಯ ಸರಳವಾಗಿತ್ತು. ಅಂಗಡಿಯ ಯಜಮಾನರನ್ನು ಅಣ್ಣ ಚರಗಕ್ಕೆ ಕರೆಯಬೇಕು, ಆ ಪಟ್ಟಿಯ ಪಕ್ಕದಲ್ಲೇ ಕೂಡಿಸಿ, 'ಇದು ನಿಮ್ಮ ಸೂಪರಿನ ಬೆಳಿರಿ' ಎಂದು ಹೇಳಿ ಕಡಲೆಯ ಕುಡಿ ಕೀಳಲು ಬಿಡಬೇಕು.

'ಅವ ತಿನ್ನೂದಿಲ್ಲ ನೋಡ್ರಿ,' ಎಂದರು ಸಾಹೇಬರು ಮೀಸೆ ತಿರುವುತ್ತ. 'ಏನ ಹಾಕೇನಿ ಅಂತ ಅವಗ ಗೊತ್ತೈತಿ. ಎಲ್ಲಮಾಸಿ ದಿನ ಹೊಲದಾಗ ಕುಂತು ಹೊಲದ್ದ ತಿನ್ನಲಿಲ್ಲ ಅಂದ್ರ ಊರ ಮುಂದ ಒಪ್ಪಿಕೊಂಡಂಗ. ಆಮ್ಯಾಲ ಆ ಚೀಲಾ ಯಾರ ಒಯ್ತಾರ?'

ನನಗೂ ಸರಿಯೆನಿಸಿತು. ಅವರು ಹೇಳಿದರೆ ಯಾರಿಗಾದರೂ ಸರಿಯೆನಿಸುತ್ತಿತ್ತು, ಅದೇ ಅವರ ಶಕ್ತಿ.

ಎಲ್ಲಮಾಸಿ ಬಂತು. ಅತ್ತಿಗೆ ನೀಲವ್ವ ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿದ್ದಳು. ಸುತ್ತಲಿನ ಹೊಲದವರೂ ನಮ್ಮ ಬನ್ನಿ ಗಿಡದ ಕೆಳಗೇ ಸೇರಿದ್ದರು. ಯಜಮಾನರು ಚಕ್ಕಡಿಯಲ್ಲಿ ಬಂದರು, ಜೊತೆಗೆ ಮೊಮ್ಮಗಳು ಶಾಂತಾ, ಇನ್ನೂ ಸಾಲೆಗೆ ಹಚ್ಚದ ಕೂಸು, ಜರಿಯ ಲಂಗ ಉಟ್ಟು. 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಚರಗ ಚೆಲ್ಲಿದ್ದಾಯಿತು. ಕೂಸು ಎಲ್ಲರಿಗಿಂತ ಜೋರಾಗಿ ಕೂಗಿತು. ಎಲ್ಲರೂ ಕೂತರು. ಸಾಹೇಬರು ಮಾತ್ರ ಒಡ್ಡಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

'ಯಜಮಾನ್ರ, ಈ ಪಟ್ಟಿ ನಿಮ್ಮ ಸೂಪರ ಹಾಕಿದ್ದರಿ,' ಎಂದ ಅಣ್ಣ.

'ಹೌದೇನು? ಚಲೋ ಬಂದೈತಲ್ಲೋ ಶಂಕ್ರಪ್ಪ!' ಯಜಮಾನರ ಮುಖ ಅರಳಿತು. ಕೂತಲ್ಲಿಂದಲೇ ಬಾಗಿ ಕಡಲೆಯ ಎಳೆ ಕುಡಿಗಳನ್ನು ಬೊಗಸೆ ತುಂಬ ಕಿತ್ತರು. ಧೋತರದ ಅಂಚಿನಿಂದ ಧೂಳು ಒರೆಸಿದರು. ನಾನು ನೋಡುತ್ತಿದ್ದೆ, ಈಗ ಕೆಳಗಿಡುತ್ತಾರೆ, ಈಗ ಏನಾದರೂ ನೆಪ ಹೇಳುತ್ತಾರೆ ಎಂದು. ಅವರು ಮೊಮ್ಮಗಳ ರೊಟ್ಟಿಯ ಮೇಲೆ ಆ ಸೊಪ್ಪನ್ನು ಹರಡಿ, ಮೇಲೆ ಶೇಂಗಾ ಹಿಂಡಿ ಉದುರಿಸಿ, ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟರು. 'ತಿನ್ನವ್ವ, ನಮ್ಮ ಅಂಗಡಿ ಗೊಬ್ಬರದ್ದು.'

ಸಾಹೇಬರು ಓಡಿದ್ದನ್ನು ನಾನು ನೋಡಲಿಲ್ಲ, ಬಂದದ್ದನ್ನು ಮಾತ್ರ ನೋಡಿದೆ. ಒಡ್ಡಿನಿಂದ ಜಿಗಿದವರೇ, ಕೂಸು ಬಾಯಿಗೆ ಒಯ್ದಿದ್ದ ರೊಟ್ಟಿಯನ್ನು ಫಟ್ಟನೆ ಹೊಡೆದು ಕೆಡವಿದರು. ರೊಟ್ಟಿ ಮಣ್ಣಿಗೆ ಬಿತ್ತು. ಕೂಸು ಒಂದು ಕ್ಷಣ ಅವರನ್ನೇ ನೋಡಿ, ಆಮೇಲೆ ಹೊಲ ಬಿರಿಯುವಂತೆ ಅತ್ತಿತು.

ಉಣ್ಣುತ್ತಿದ್ದ ಕೈಗಳೆಲ್ಲ ನಿಂತವು. ಎಲ್ಲಮಾಸಿಯ ದಿನ, ಹೊಲದಲ್ಲಿ, ಕೂಸಿನ ಕೈಯ ರೊಟ್ಟಿ. ಹಿರಿಯರೊಬ್ಬರು ಶಿವಶಿವಾ ಎಂದು ಕಣ್ಣು ಮುಚ್ಚಿಕೊಂಡರು. ಯಜಮಾನರು ಎದ್ದು ನಿಂತರು.

'ಕೂಸಿನ ಬಾಯಾಗಿನ ತುತ್ತ ಬಡದೀರಲ್ರಿ! ಮನಷ್ಯಾರೇನ್ರಿ ನೀವು?'

ಸಾಹೇಬರು ಕೂಸಿನ ಎದುರು ಮಣ್ಣಿನಲ್ಲೇ ಮೊಣಕಾಲೂರಿ ಕೂತರು. ಆಮೇಲೆ ಯಜಮಾನರ ಕಡೆ ಮುಖವೆತ್ತಿ, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದರು, 'ನೀವು ಗೊತ್ತಿದ್ದ ಹಾಕೀರಿ ಅಂತ ತಿಳಕೊಂಡಿದ್ನಿ. ತಪ್ಪಾತ್ರಿ. ಗೊತ್ತಿದ್ದವ ಮೊಮ್ಮಗಳಿಗೆ ತಿನಸೂದಿಲ್ಲ.'

'ಏನ ಹಾಕೇನ್ರಿ ನಾ? ಏನೂ ಬೆರಸಿಲ್ಲ ಅಂದ್ನೆಲ್ಲ!'

'ಬೂದು ಪುಡಿ ಏನರ ಹಾಕಿದ್ರೇನು? ನೆನಪ ಮಾಡ್ಕೋರಿ.'

'ಬೂದಿ ಹಾಕಿದ್ನಿ,' ಎಂದರು ಯಜಮಾನರು, ಅದನ್ನೇನು ಕೇಳುತ್ತೀರಿ ಎಂಬಂತೆ. 'ಮಳಿಗಾಲದಾಗ ಸೂಪರ ಹಸಿ ಹಿಡದು ಗಡ್ಡಿ ಕಟ್ಟಿತ್ತು. ಬೂದಿ ಕಲಸಿ ಒಣಗಿಸಿದ್ನಿ. ಬಾಜೂ ಗ್ಯಾರೇಜಿನಾಗ ಹಳೇ ಬ್ಯಾಟರಿ ಕರಗಸ್ತಾರ, ಅಲ್ಲಿ ಬುಟ್ಟಿಗಟ್ಟಲೆ ಬಿದ್ದಿತ್ತು, ಪುಕಟ ತುಂಬಿಕೊಂಡ ಬಂದ್ನಿ. ಬೂದಿ ಬೆರಸೂದಂದ್ರ ಬೆರಕಿ ಏನ್ರಿ?'

ಅಲ್ಲಿದ್ದ ಯಾರಿಗೂ ಅದು ಬೆರಕೆ ಅನಿಸುತ್ತಿರಲಿಲ್ಲ, ಖರೇ. ನಮ್ಮಲ್ಲಿ ಬೀಜದ ಕಾಳಿಗೆ ಬೂದಿ, ಪಾತ್ರೆಗೆ ಬೂದಿ, ಹಲ್ಲಿಗೆ ಬೂದಿ, ತಿಪ್ಪೆಗೂ ಬೂದಿ. ಬೂದಿ ಅಂದರೆ ಚೊಕ್ಕಟ. ಯಾವುದರ ಬೂದಿ ಎಂದು ಕೇಳುವ ರೂಢಿಯೇ ನಮಗಿಲ್ಲ. ಯಜಮಾನರು ದೇವರಾಣೆ ಹಾಕಿದ್ದು ಸುಳ್ಳಲ್ಲವೆಂದು ಸಾಹೇಬರಿಗೆ ಅರ್ಥವಾಯಿತು. ಕಿಸೆಯಿಂದ ಆ ಸೀಸದ ಕಾಳನ್ನು ಕೊನೆಗೂ ತೆಗೆದರು. ಹೊಲದ ಮೂಲೆಯಲ್ಲಿ ಹಬ್ಬಕ್ಕೆಂದು ಸುಣ್ಣ ಬಳಿದಿದ್ದ ಬಾಂದಗಲ್ಲಿನ ಮೇಲೆ ಒಂದು ಗೆರೆ ಎಳೆದರು. ಬಿಳಿ ಕಲ್ಲಿನ ಮೇಲೆ ಕಪ್ಪು ಗೆರೆ ಎದ್ದು ಕಂಡಿತು.

'ಬೂದಿ ಹಿಂಗ ಗೆರಿ ಎಳಿಯೂದಿಲ್ಲ, ನೋಡ್ರಿ. ಇದು ಸೀಸ. ನಿಮ್ಮ ಚೀಲದಾಗಿನದು.'

ಯಜಮಾನರು ಕಾಳನ್ನು ಇಸಕೊಂಡು, ತಾವೇ ಇನ್ನೊಂದು ಗೆರೆ ಎಳೆದು ನೋಡಿದರು. ಮತ್ತೊಂದು ಎಳೆದರು. ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡು, ಅವಳ ತುಟಿಯನ್ನು ಧೋತರದಿಂದ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. 'ಒಂದ ಚೀಲಾನೂ ಹೊರಗ ಹೋಗೂದಿಲ್ಲರಿ,' ಎಂದರು. 'ಆದ್ರ ಎಲ್ಲಿ ಚೆಲ್ಲಲಿ?'

'ಮಣ್ಣಿಗೆ ಬ್ಯಾಡ, ನೀರಿಗೆ ಬ್ಯಾಡ,' ಎಂದಷ್ಟೇ ಸಾಹೇಬರು ಹೇಳಿದರು. ಯಜಮಾನರು ಅಂಗಡಿಯ ಹಿಂದಿನ ಕಲ್ಲಿನ ಕೋಣೆಗೆ ಚೀಲಗಳನ್ನೆಲ್ಲ ಒಟ್ಟಿಸಿ, ಬಾಗಿಲಿಗೇ ಗೋಡೆ ಕಟ್ಟಿಸಿಬಿಟ್ಟರು. ಗ್ಯಾರೇಜಿನವರ ಬೂದಿಯನ್ನೂ ಯಾರೂ ಮುಟ್ಟದಂತೆ ನೋಡಿಕೊಂಡರು. ಆ ಮುಂಗಾರಿಯಲ್ಲಿ ಅಲ್ಲಿಂದ ಒಂದು ಚಿಟಿಕೆಯೂ ಹೊಲಕ್ಕೆ ಹೋಗಲಿಲ್ಲ. ಅಣ್ಣ ಆ ಪಟ್ಟಿಯ ಕಡಲೆಯನ್ನು ಕಾಯಿ ಕೊಯ್ಯದೆ ಕಿತ್ತು ಹಾಳುಮಾಡಿದ, ಮರುವರ್ಷದಿಂದ ಅಲ್ಲಿ ಹತ್ತಿ ಬಿಟ್ಟು ಬೇರೇನೂ ಬಿತ್ತಲಿಲ್ಲ. ಸಾಹೇಬರು ಮೇಲಿನವರಿಗೆ, ಗೊಬ್ಬರದಲ್ಲಿ ಬೇಡವಾದದ್ದು ಎಷ್ಟಿದೆ ಎಂದೂ ಕಾನೂನು ಕೇಳಬೇಕು ಎಂದು ಬರೆದರು. ಉತ್ತರ ಬರಲಿಲ್ಲ. ನಿವೃತ್ತಿಯಾಗುವವರೆಗೆ ಯಾವ ಊರಿಗೆ ವರ್ಗವಾದರೂ ಅಲ್ಲಿಂದ ಬರೆಯುತ್ತಲೇ ಇದ್ದರಂತೆ, ಬೇಸರವಿಲ್ಲದೆ, ಈ ಸಲ ಒಪ್ಪುತ್ತಾರೆ ಎಂಬ ಪೂರ್ತಿ ನಂಬಿಕೆಯಿಂದ.

ಅಂದು ಹೊಲದಿಂದ ಏಳುವ ಮೊದಲು ಅವರು ಶಾಂತಾಳ ಗಲ್ಲ ಹಿಡಿದು, 'ನಿನ್ನ ರೊಟ್ಟಿ ನಾ ಕೊಡಬೇಕವ್ವ' ಎಂದಿದ್ದರು. ಮಕ್ಕಳಿಗೆ ಹೇಳುವ ಮಾತೆಂದು ನಾವೆಲ್ಲ ಮರೆತೆವು. ಮರುವರ್ಷದ ಎಲ್ಲಮಾಸಿಗೆ ಸೈಕಲ್ಲಿನಿಂದ ಇಳಿದರು, ಬಟ್ಟೆಯಲ್ಲಿ ವೈನಿ ಮಾಡಿದ ಒಂದು ಸಜ್ಜೆ ರೊಟ್ಟಿ. ಅದರ ಮರುವರ್ಷವೂ. ವರ್ಗವಾಗಿ ದೂರ ಹೋದ ಮೇಲೆ ಬಸ್ಸಿನಲ್ಲಿ ಬಂದರು, ಬರಲಾಗದ ವರ್ಷ ಕಂಡಕ್ಟರನ ಕೈಯಲ್ಲಿ ಕಳಿಸಿದರು. ಯಜಮಾನರು ಇರುವವರೆಗೆ ಮೊಮ್ಮಗಳನ್ನು ಕರೆದುಕೊಂಡು ಜಕ್ಕಲಿಗೆ ತಪ್ಪದೆ ಬರುತ್ತಿದ್ದರು. ಅವರು ಹೋದ ಮೇಲೆ, ಮದುವೆಯಾಗಿ ರೋಣಕ್ಕೆ ಬಂದ ಶಾಂತಾ ತಾನೇ ಬಂದಳು. 'ನನ್ನ ಬಾಕಿ ಇನ್ನೂ ತೀರಿಲ್ಲರಿ ಸಾಹೇಬ್ರ' ಎಂದು ಅವಳು ಕಾಡಿಸುವುದು, 'ತೀರಿದ್ರ ನನಗ ಇಲ್ಲಿ ಯಾರ ಕರೀತಾರವ್ವ?' ಎಂದು ಅವರು ನಗುವುದು.

ಈ ವರ್ಷದ ಎಲ್ಲಮಾಸಿಗೆ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಚರಗಕ್ಕೆ ಹೊರಡುವಾಗ ಬಸ್ಸಿನಿಂದ ಒಂದು ಗಂಟು ಬಂತು. ವೈನಿ ಕಳಿಸಿದ್ದರು. ಅಡುಗೆಯ ಪರಾತದಲ್ಲಿ ತಾವೇ ಹಿಟ್ಟು ನಾದಿ ಬಡಿದ ರೊಟ್ಟಿ.

ಶಾಂತಾ ಅದನ್ನು ಎರಡಾಗಿ ಮುರಿದಳು. ಅರ್ಧವನ್ನು ತನ್ನ ಮಗಳಿಗೆ ಕೊಟ್ಟಳು. ಇನ್ನರ್ಧ ಹಿಡಿದುಕೊಂಡು ಒಡ್ಡಿನ ಕೆಳಗಿಳಿದು ಹತ್ತಿಯ ಸಾಲಿನಲ್ಲಿ ನಿಂತಳು. ಆ ಪಟ್ಟಿಯಲ್ಲಿ ನಮ್ಮವರು ಚರಗ ಚೆಲ್ಲುವುದನ್ನು ಬಿಟ್ಟೇ ಬಿಟ್ಟಿದ್ದರು. ತಿನ್ನಲು ಏನೂ ಕೊಡದ ನೆಲಕ್ಕೆ ಉಣಿಸುವುದೇಕೆ ಎಂದು ಅಣ್ಣನ ವಿಚಾರ.

'ಅಲ್ಲಿ ಬ್ಯಾಡ ಬಿಡವ್ವ,' ಎಂದ ಮುದುಕನಾದ ಅಣ್ಣ ಗಿಡದ ಕೆಳಗಿನಿಂದ.

'ಇರ್ಲಿ ಬಿಡೋ ಮಾಮಾ,' ಎಂದಳು ಅವಳು. 'ಅದು ತಾ ಬೇಕಂತ ನುಂಗಿದ್ದೇನು?'

ರೊಟ್ಟಿಯನ್ನು ಸಣ್ಣಗೆ ಮುರಿದು ಸಾಲುಗಳ ಮೇಲೆ ಚೆಲ್ಲುತ್ತ, ಅಂದು ಕೂಸಾಗಿದ್ದಾಗ ಕೂಗಿದಷ್ಟೇ ಜೋರಾಗಿ, 'ಹುಲ್ಲುಲ್ಲಿಗೋ' ಎಂದು ಕೂಗಿದಳು.